ನೀರು ಆಮೇಲೆ ಬಂದದ್ದು

ತಮ್ಮ ಊರನ್ನು ಯಾರಾದರೂ ದ್ವೀಪ ಅಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ತಮಿಳಿನವರು ತೀವು ಅಂದರೂ ಅಷ್ಟೇ. "ತೀವು ಅಂದ್ರೆ ನೀರೊಳಕ್ಕೆ ಓಗಿ ಕಟ್ಟಿದ ಊರು ಕಣಯ್ಯಾ. ನಾವೆಲ್ಲಿಗೂ ಓಗಿಲ್ಲ. ನಮ್ಮೂರು ಇದ್ದ ತಾವೇ ಐತೆ. ನೀರು ಆಮ್ಯಾಲೆ ಬಂದದ್ದು, ನೆಂಟರಂಗೆ," ಅನ್ನುವರು. ಮೆಟ್ಟೂರಿನಲ್ಲಿ ಅಣೆ ಕಟ್ಟಿ ಕಾವೇರಿಯನ್ನು ನಿಲ್ಲಿಸಿದಾಗ ಸುತ್ತಲಿನ ಊರುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಎದ್ದವು. ಗುಡ್ಡದ ಮೇಲಿದ್ದ ಇವರ ಊರು ಮಾತ್ರ ಉಳಿಯಿತು. ಅಣೆ ತುಂಬಿದ ತಿಂಗಳುಗಳಲ್ಲಿ ಅದು ನಡುನೀರಿನ ಊರು. ಬೇಸಿಗೆಯಲ್ಲಿ ನೀರು ಇಳಿದರೆ ಕೆಸರು ತುಳಿದುಕೊಂಡು ನಡೆದೇ ಹೋಗಬಹುದಾದ ಗುಡ್ಡ. ನೆಂಟರು ಬರುತ್ತಾರೆ, ಹೋಗುತ್ತಾರೆ, ಮನೆ ನಮ್ಮದೇ ಅಲ್ಲವಾ ಅಂತ ಅವರ ವಾದ. ಅದಕ್ಕೆ ಎದುರು ಹೇಳಿ ಗೆದ್ದವರನ್ನು ನಾನು ಕಾಣೆ.

ಅವರು ಹೋಗಿ ವರ್ಷವಾಗುತ್ತ ಬಂತು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ ಕೂತಿದ್ದೇನೆ. ನಾನು ಶಾಲೆಯಲ್ಲಿ ಓದಿದ್ದೆಲ್ಲ ತಮಿಳು. ಸೇಲಂನಲ್ಲಿ ನಮ್ಮಂಥವರಿಗೆ ಕನ್ನಡ ಅಂದರೆ ಅಡುಗೆಮನೆಯ ಮಾತು. ಅಕ್ಷರಗಳನ್ನು ಅಪ್ಪ ಮನೆಯಲ್ಲೇ ಸ್ಲೇಟಿನ ಮೇಲೆ ತಿದ್ದಿಸಿದ್ದರು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೆಸರು ಮಾತ್ರ ಬರೆಯುವುದಿಲ್ಲ. ಹಿರಿಯರ ಹೆಸರು ಹಿಡಿದು ಕರೆಯುವ ವಾಡಿಕೆ ನಮ್ಮಲ್ಲಿಲ್ಲ, ಬರೆಯುವುದೂ ಕರೆದ ಹಾಗೇ. ಊರಿನವರು ಗೌಡರು ಅನ್ನುತ್ತಿದ್ದರು, ಇಲ್ಲಿ ನಾನೂ ಹಾಗೇ ಅನ್ನುತ್ತೇನೆ.

ಗಿಡ್ಡ ಆಳು, ಎದೆ ಮಾತ್ರ ಅಗಲ. ಕಿವಿಯಲ್ಲಿ ಕೆಂಪು ಕಲ್ಲಿನ ಒಂಟಿ, ತಲೆಗೆ ರುಮಾಲು. ಮಾತಾಡುತ್ತ ಮಾತಾಡುತ್ತ ಆ ರುಮಾಲಿನ ತುದಿಯನ್ನು ಬಿಚ್ಚಿ ಮೇಲಕ್ಕೆ ಹಿಡಿಯುವರು. ಅದು ಯಾವ ಕಡೆಗೆ ಹಾರುತ್ತದೆ ಅಂತ ಒಂದು ಗಳಿಗೆ ನೋಡಿ ಮತ್ತೆ ಸುತ್ತಿಕೊಳ್ಳುವರು. ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಇದೇ ಕೆಲಸ. ಗೊತ್ತಿಲ್ಲದವರು ಈ ಮುದುಕರಿಗೆ ಏನೋ ಆಗಿದೆ ಅಂದುಕೊಳ್ಳಬೇಕು.

ಮೇಚೇರಿ ಸಂತೆಯಲ್ಲಿ ಕುರಿ ಮಾರುವುದು ಅವರ ಮನೆಯ ಹಳೆಯ ಕಸುಬು. ಕೊಳ್ಳುವವನು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವುದಕ್ಕೆ ಮುಂಚೆಯೇ ಇವರು ಶುರು ಮಾಡುವರಂತೆ. "ಇದರ ಇಂದಿನ ಕಾಲು ವಸಿ ಎಳೀತೈತೆ ನೋಡ್ಕೊ. ಇದು ಮರಿ ಆಲು ಕುಡಿಯಾಕೆ ಓದ್ರೆ ಒದೀತೈತೆ." ಪಕ್ಕದಲ್ಲಿ ಮಾರುವವರಿಗೆ ಹೊಟ್ಟೆಯುರಿ. "ಯಾವ್ಲಾ ಇವ್ನು, ತನ್ನ ಸರಕಿಗೆ ತಾನೇ ಮಣ್ಣಾಕ್ಕೊತಾನೆ, ನಮ್ದಕ್ಕೂ ಆಕ್ತಾನೆ," ಅಂತ ಬೈಯುವರು. ಇವರದು ಒಂದೇ ಉತ್ತರ. "ಕುಂಟು ಮೊದ್ಲು ತೋರ್ಸು. ಕುರಿ ಆಮ್ಯಾಲೆ ತೋರ್ಸು." ಇದನ್ನು ನನಗೆ ಹೇಳಿದವರು ಅಪ್ಪ. ಅವರು ಹುಟ್ಟಿದ್ದು ಮೇಚೇರಿ ಪಕ್ಕದ ಹಳ್ಳಿಯಲ್ಲಿ, ಆಮೇಲೆ ಸೇಲಂಗೆ ಬಂದು ಸರ್ಕಾರಿ ಗುಮಾಸ್ತರಾದರು.

ಇನ್ನು ಅವರ ಹಾಯಿಯ ಕತೆ. ಆ ನೀರಿನಲ್ಲಿ ಎಲ್ಲರದ್ದೂ ಪರಿಸಲು, ಅಂದರೆ ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು. ಇವರೊಬ್ಬರದ್ದು ಮರದ ದೋಣಿ, ಅದಕ್ಕೊಂದು ಹಾಯಿ. ಕುರಿ ಮಾರಲು ಕಡಲೂರಿನ ತನಕ ಹೋದಾಗ ಸಮುದ್ರದಲ್ಲಿ ಹಾಯಿ ನೋಡಿ ಬಂದು, ನಮ್ಮಲ್ಲಿ ಯಾಕೆ ಆಗಬಾರದು ಅಂತ ಹಠ ಹಿಡಿದರಂತೆ. ಮೊದಲ ಸಲ ಜೊಂಡಿನ ಕೋರೆಚಾಪೆಯನ್ನು ಗಳಕ್ಕೆ ಕಟ್ಟಿಕೊಂಡು ಮೇಚೇರಿ ದಿಕ್ಕಿಗೆ ಹೊರಟರು. ಗಾಳಿ ಅವರನ್ನು ಧರ್ಮಪುರಿ ಕಡೆಯ ದಡಕ್ಕೆ ಕೊಂಡೊಯ್ದು ಮುಳ್ಳುಪೊದೆಗೆ ತಳ್ಳಿತು. ಯಾರದೋ ಮನೆಯಲ್ಲಿ ಉಂಡು ಮಲಗಿ ಮಾರನೆಯ ದಿನ ಊರು ಸೇರಿದರೆ, ಊರೇ ನಿಂತು ನಕ್ಕಿತು. ಇವರಿಗೇನೂ ಅವಮಾನವಾಗಲಿಲ್ಲ. "ಗಾಳಿ ಕರ್ಕೊಂಡೋದ ತಾವೂ ಒಂದೂರೇ ಕಣ್ಲಾ. ಒಳ್ಳೆ ಜನ. ಕೋಳಿಸಾರು ಇಕ್ಕುದ್ರು," ಅಂದರು.

ಆಮೇಲೆ ಎಡಪ್ಪಾಡಿಗೆ ಹೋಗಿ ದಪ್ಪನೆಯ ಬಟ್ಟೆ ನೇಯಿಸಿದರು. ಆ ನೇಕಾರರೂ ಮನೆಯಲ್ಲಿ ಕನ್ನಡ ಆಡುವವರೇ. ಇಷ್ಟು ಅಗಲದ ಸೀರೆ ಯಾರಿಗೆ ಅಂತ ಕೇಳಿದರೆ, "ದೋಣಿಗೆ" ಅಂದರಂತೆ. ನೇಕಾರ ತಮಾಷೆಗೆ ಅಂಚು ಬೇಕಾ ಅಂದ. "ಆಕು. ಅವಳೂ ಎಣ್ಣಲ್ವಾ." ಹಾಗಾಗಿ ಆ ಹಾಯಿಗೆ ಬೆರಳಗಲದ ಕೆಂಪು ಅಂಚಿತ್ತು. ದೂರದ ದಡದಲ್ಲಿ ನಿಂತವರು ಅಂಚು ನೋಡಿಯೇ ಗೌಡರು ಬಂದರು ಅನ್ನುತ್ತಿದ್ದರು. ಅದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ಒಂದಿಷ್ಟು ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ.

ಐವತ್ತರ ದಶಕದ ಮಾತು. ನನಗೆ ಆಗ ಹದಿನೆಂಟು. ಅವರ ಮಗ ಅದೇ ಊರಿನ ಎಲಿಮೆಂಟರಿ ಶಾಲೆಯಲ್ಲಿ ಟೀಚರು. ನಮ್ಮ ಜನ, ಒಳ್ಳೆ ಮನೆ, ಹುಡುಗನಿಗೆ ಕೆಲಸವಿದೆ. ಆದರೆ ನಡುನೀರಿನ ಊರಿಗೆ ಹೆಣ್ಣು ಕೊಡುವವರು ಯಾರು? ಮುಂಚೆ ಬಂದ ನೆಂಟಸ್ತಿಕೆಗಳೆಲ್ಲ ನೀರಿನ ಅಂಚಿಗೆ ಬಂದು, ನೀರು ನೋಡಿ, ಬಂದ ದಾರಿಯಲ್ಲೇ ವಾಪಸ್ಸು ಹೋಗಿದ್ದವು. ನಮ್ಮ ಮನೆಯಲ್ಲಿ ಮಾತು ಎದ್ದಾಗ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಳು. "ಅಲ್ಲಿಗೆ ಕೊಡೋದೂ ಒಂದೇ, ಹುಡುಗೀನ ಬಾವಿಗೆ ತಳ್ಳೋದೂ ಒಂದೇ." ಅಪ್ಪನಿಗೂ ಮನಸ್ಸಿರಲಿಲ್ಲ. ಗೌಡರ ಮೇಲಿನ ಮರ್ಯಾದೆಗೆ ಒಂದು ಸಲ ಹೋಗಿ ಮನೆ ನೋಡಿ ಬಂದು, ಯೋಚಿಸಿ ಹೇಳುತ್ತೇವೆ ಅಂತ ಜಾರಿಕೊಳ್ಳುವ ಲೆಕ್ಕ ಅವರದ್ದು.

ಅಷ್ಟರಲ್ಲಿ ಗೌಡರಿಂದ ಮಾತು ಬಂತು. ಮನೆ ನೋಡಲು ಬರುವುದಾದರೆ ಹುಡುಗಿಯೂ ಬರಬೇಕು. ಕೇಳಿದವರೆಲ್ಲ ಬಾಯಿಯ ಮೇಲೆ ಬೆರಳಿಟ್ಟರು. ಗಂಡಿನ ಮನೆ ನೋಡಲು ಹೆಣ್ಣನ್ನೇ ಕರೆದುಕೊಂಡು ಹೋಗುವುದು ಎಲ್ಲಾದರೂ ಉಂಟೇ? ಅವರು ಹೇಳಿಕಳಿಸಿದ್ದು ಇಷ್ಟು. "ಅಲ್ಲಿ ಬದುಕಾಕಿರೋಳು ಆ ಮಗ. ಅವಳು ನೋಡ್ದೆ ನೀವು ನೋಡಿ ಏನು ಬಂತು?" ಆ ಮಾತು ಕೇಳಿ ನನಗೆ ಒಳಗೊಳಗೇ ಆದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿಯ ತನಕ ನನ್ನನ್ನು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸಂಬಂಧದ ಮಾತು ನಡೆಯುತ್ತಿರುವ ಮನೆಯಲ್ಲಿ ನೀರು, ಮಜ್ಜಿಗೆ, ಕಾಫಿ ಕುಡಿಯಬಹುದು. ಊಟಕ್ಕೆ ಕೈ ಇಡುವಂತಿಲ್ಲ. ಇಟ್ಟರೆ ಒಪ್ಪಿದ ಹಾಗೆ. ಇದಕ್ಕೆ ಕೈ ನೆನೆಸುವುದು ಅನ್ನುತ್ತಾರೆ. ಕೈ ನೆನೆಸಿದ ಮೇಲೆ ಬೇಡ ಅಂದವರಿಗೆ ನಾಲ್ಕು ಜನರಲ್ಲಿ ಮುಖವಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅಪ್ಪ, ಅತ್ತೆ, ನಾನು ಬಸ್ಸಿಳಿದು ದಡಕ್ಕೆ ಬಂದೆವು. ದೋಣಿ ತಂದವರು ಗೌಡರೇ. ಮೂಡಣದಿಂದ ಗಾಳಿ, ನಾವು ಹೋಗಬೇಕಾದ್ದು ಪಡುವಣಕ್ಕೆ. ಹಾಯಿ ತುಂಬಿಕೊಂಡದ್ದೇ ತಡ, ದೋಣಿ ನೀರಿನ ಮೇಲೆ ಜಾರತೊಡಗಿತು. ಅತ್ತೆ ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಬಳೆಯ ಗುರುತು ಮೂಡಿತು. ನನಗೆ ಭಯವೇ ಆಗಲಿಲ್ಲ. ಸದ್ದಿಲ್ಲ, ಹುಟ್ಟು ಹಾಕುವವರಿಲ್ಲ, ಎತ್ತಿಲ್ಲ, ಇಂಜಿನ್ ಇಲ್ಲ, ಆದರೂ ಹೋಗುತ್ತಿದ್ದೇವೆ. ತಲೆಯ ಮೇಲೆ ಕೆಂಪು ಅಂಚು ಪಟಪಟ ಅನ್ನುತ್ತಿತ್ತು. ದೋಣಿಯ ಹಿಂತುದಿಯಲ್ಲಿ ಕೂತು ತೆಂಗಿನ ಚಿಪ್ಪಿನಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದವನೇ ಹುಡುಗ. ಅವನು ಬಗ್ಗಿದ ತಲೆ ಎತ್ತಲಿಲ್ಲ. ನಾನು ಅವನ ಹೆಗ್ಗತ್ತನ್ನಷ್ಟೇ ನೋಡಿದೆ.

ಊರು ಚೆಂದ. ಎಷ್ಟು ಚೆಂದ ಅಂದರೆ, ಅತ್ತೆಯೂ ದೋಣಿಯಿಂದ ಇಳಿದವಳು ಸುತ್ತ ನೋಡುತ್ತ ನಿಂತಳು. ಗುಡ್ಡದ ಇಳಿಜಾರಿನಲ್ಲಿ ಹೆಂಚಿನ ಮನೆಗಳು, ಹಿತ್ತಲಲ್ಲಿ ಅವರೆಬಳ್ಳಿ, ಮೇಲೆ ಮಾರಮ್ಮನ ಗುಡಿ, ಕೆಳಗೆ ಕಡಲೆಕಾಯಿ ಹೊಲ. ಯಾವ ಬೀದಿಯ ತುದಿಗೆ ಹೋದರೂ ನೀರು ಕಾಣುತ್ತದೆ. ಸೇಲಂನಲ್ಲಿ ಕೊಳಾಯಿ ಮುಂದೆ ಕೊಡ ಇಟ್ಟು ಜಗಳವಾಡುವ ಬೀದಿಯಿಂದ ಬಂದವಳು ನಾನು. ಬೆಪ್ಪಾಗಿ ನೋಡುತ್ತಿದ್ದೆ.

ಗೌಡರು ನನ್ನನ್ನು ಊರು ಸುತ್ತಿಸಿದರು. ಅಪ್ಪ, ಅತ್ತೆ ಹಿಂದೆ. ಅವರು ತೋರಿಸಿದ್ದೇನು ಅಂತೀರಿ? "ಮಗಾ, ಈ ಬಾವಿ ನೀರು ಬ್ಯಾಸಿಗೇಲಿ ಸವುಳಾಯ್ತದೆ, ಬ್ಯಾಳೆ ಬೇಯಾಕಿಲ್ಲ. ಆ ಇಳಿಜಾರಲ್ಲಿ ಆವು ಜಾಸ್ತಿ. ಡಾಕ್ಟ್ರು ಅಂತ ಇಲ್ಲ, ಮೇಚೇರಿಗೇ ಓಗ್ಬೇಕು. ಬಸುರಿಯಾದೋರು ದಿನ ತುಂಬೋಕೆ ಮುಂಚೇನೇ ಆಚೆ ದಡಕ್ಕೆ ಓಗಿ ಕುಂತಿರ್ಬೇಕು. ಸಿನಿಮಾ ಇಲ್ಲ. ನೀರು ಇಳಿಯೋ ಕಾಲಕ್ಕೆ ಕೆಸರು ನಾರ್ತೈತೆ." ಅವರ ಹೆಂಡತಿ ಬಾಗಿಲಲ್ಲಿ ನಿಂತು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಪಾಪ, ಅವರು ಬೆಳಗಿನ ಜಾವವೇ ಎದ್ದು ಒಬ್ಬಟ್ಟು ಮಾಡಿದ್ದರು. ಈ ಯಪ್ಪ ನೋಡಿದರೆ ಹೆಣ್ಣನ್ನು ಓಡಿಸುತ್ತಿದ್ದಾರೆ.

"ಒಳ್ಳೇದು ಏನೂ ಇಲ್ಲವಾ ಇಲ್ಲಿ?" ಅಂತ ಕೇಳಿದೆ. ಕೇಳಿದ್ದಕ್ಕೆ ಅತ್ತೆ ಹಿಂದಿನಿಂದ ಚಿವುಟಿದಳು.

ಗೌಡರು ನಿಂತರು. "ಐತೆ. ಅದು ನಿನ್ನ ಕಣ್ಣಿಗೆ ಕಂಡ್ರೆ ಕಂಡಂಗೆ. ನಾ ಏಳಿದ್ರೆ ಯಾಪಾರ ಆಯ್ತದೆ," ಅಂದರು.

ಮಧ್ಯಾಹ್ನ ಎಲೆ ಹಾಕುತ್ತೇವೆ ಅಂದರು ಆ ತಾಯಿ. ಪದ್ಧತಿಯಂತೆ ಅಪ್ಪ ಕೈ ಮುಗಿದು, ಊಟ ಇನ್ನೊಂದು ಸಲ ಆಗಲಿ, ನಾಲ್ಕು ಗಂಟೆ ಬಸ್ಸು ಹಿಡಿಯಬೇಕು ಅಂದರು. ಮಜ್ಜಿಗೆ ಕುಡಿದು ಎದ್ದೆವು. ಹೊರಗೆ ಬಂದರೆ, ಬೆಳಿಗ್ಗೆ ನಮ್ಮನ್ನು ಬೆನ್ನು ತಟ್ಟಿ ಕಳಿಸಿದ್ದ ಗಾಳಿಯೇ ಈಗ ಎದುರಿಗೆ ನಿಂತಿತ್ತು. ನೀರಿನ ಮೇಲೆ ಬಿಳಿ ಅಲೆ. ಗೌಡರು ರುಮಾಲಿನ ತುದಿ ಎತ್ತಿದ್ದೇ ತಡ, ಅದು ಅವರ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಹೊಡೆದುಕೊಂಡಿತು.

"ಇವತ್ತು ದೋಣಿ ಬುಡಲ್ಲ ಅಯ್ಯಾ," ಅಂದರು.

"ಹಾಗಂದರೆ ಹೇಗೆ? ನಾಳೆ ಆಫೀಸಿದೆ. ನಾನು ಲೀವು ಹಾಕಿಲ್ಲ," ಅಂದರು ಅಪ್ಪ.

"ಗಾಳಿಗೆ ಆಪೀಸು ಗೊತ್ತಿಲ್ಲ."

ಅಪ್ಪನಿಗೆ ಕೋಪ ಬಂತು. ಹೊಟ್ಟೆ ಬೇರೆ ಹಸಿದಿತ್ತು. "ಗೌಡರೇ, ಗಾಳಿಯ ನೆಪ ಹೇಳಿ ನಮ್ಮನ್ನು ಕೂಡಿಹಾಕಿದರೆ, ಹಸಿವಿಗೆ ಸೋತು ಕೈ ನೆನೆಸುತ್ತಾರೆ ಅಂತ ಲೆಕ್ಕ ಹಾಕಿದ್ದೀರಾ?" ಅಂದುಬಿಟ್ಟರು. ಆ ಮಾತು ಬಿದ್ದದ್ದೇ ತಡ, ಹುಡುಗ ತಲೆ ಎತ್ತಿದ. ಗೌಡರು ಅವನನ್ನು ಕಣ್ಣಲ್ಲೇ ತಡೆದರು.

"ಅಯ್ಯಾ, ದೋಣಿ ಅಲ್ಲೈತೆ. ಹುಟ್ಟು ಅದರೊಳಗೇ ಐತೆ. ನಿಮಗೆ ಅನುಮಾನ ಇದ್ರೆ ತಗೊಂಡೋಗಿ, ದೋಣಿ ಓದ್ರೆ ಓಗ್ಲಿ. ಆದ್ರೆ ಈ ಮಗೂನ ಮಾತ್ರ ಇವತ್ತು ನೀರಿಗೆ ಬುಡಾಕಿಲ್ಲ. ಅದಕ್ಕೆ ನೀವು ನನ್ನ ಬೈದ್ರೂ ಸರಿ, ಒಡುದ್ರೂ ಸರಿ," ಅಂದರು. ದನಿ ಏರಿಸಲೇ ಇಲ್ಲ. ಅಪ್ಪ ನೀರನ್ನು ನೋಡಿದರು, ನನ್ನನ್ನು ನೋಡಿದರು, ಹೋಗಿ ಜಗಲಿಯ ಮೂಲೆಯಲ್ಲಿ ಕೂತರು.

ಆಮೇಲೆ ಗೌಡರು ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು. "ಅಟ್ಟದ್ದನ್ನೆಲ್ಲ ಊರಿಗೆ ಅಂಚಿಬುಡು. ವಾಸನೆ ಅವರ ಮೂಗಿಗೆ ಬಡೀಬಾರ್ದು. ಒಲೆ ಆರ್ಸು. ಮನೇಗೆ ಬಂದೋರು ಬರಿ ಒಟ್ಟೇಲಿ ಕುಂತಿರುವಾಗ ನಮಗ್ಯಾರಿಗೂ ಅನ್ನ ಇಳಿಯಾಕಿಲ್ಲ." ಆ ತಾಯಿ ಒಬ್ಬಟ್ಟಿನ ಬುಟ್ಟಿಯನ್ನು ಹೊತ್ತು ನಮ್ಮ ಮುಂದೆಯೇ ಹಾದು ಹೋದರು. ಅತ್ತೆಯ ಕಣ್ಣು ಆ ಬುಟ್ಟಿಯ ಹಿಂದೆಯೇ ಬೀದಿಯ ತಿರುವಿನ ತನಕ ಹೋಯಿತು. "ತುಪ್ಪದ ಒಬ್ಬಟ್ಟು ಕಣೆ," ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಬಾವಿಗೆ ತಳ್ಳುವ ಮಾತು ಆಡಿದವಳು ಇವಳೇ.

ಬೇರೆ ಮನೆಯಲ್ಲಿ ಉಣ್ಣೋಣ ಅಂದರೆ ಊರೆಲ್ಲ ಅವರ ದಾಯಾದಿಗಳೇ, ಎಲ್ಲಿ ಉಂಡರೂ ಒಂದೇ. ಹೊತ್ತು ಮುಳುಗುವ ಹೊತ್ತಿಗೆ ಗೌಡರು ಬಂದು, ಗುಡಿಗೆ ಬನ್ನಿ ಅಂತ ಕರೆದರು. ಮಾರಮ್ಮನ ಗುಡಿಯಲ್ಲಿ ಒಂದು ದೊಡ್ಡ ಮಡಕೆ ಇತ್ತು. ಸುಗ್ಗಿಯಲ್ಲಿ ಊರವರು ದೇವಿಗೆ ಅಂತ ಅದಕ್ಕೆ ಅಕ್ಕಿ ಸುರಿಯುತ್ತಿದ್ದರು. ಅದರಿಂದ ಪೂಜಾರಿ ಅಕ್ಕಿ ತೆಗೆದು, ಗುಡಿಯ ಮುಂದೆ ಮೂರು ಕಲ್ಲು ಹೂಡಿ, ಪೊಂಗಲು ಬೇಯಿಸಿದ್ದ.

"ಇದು ಅಮ್ಮನ ಅಕ್ಕಿ. ನಮ್ಮ ಒಲೆ ಅಲ್ಲ, ನಮ್ಮ ಕೈ ಅಲ್ಲ. ಉಂಡು ಅಮ್ಮನಿಗೆ ಕೈ ಮುಗೀರಿ. ನಮಗೆ ನೀವು ಏನೂ ಬಾಕಿ ಇಲ್ಲ," ಅಂದು ಗೌಡರು ದೂರ ಹೋಗಿ ಕೂತರು. ತಾವು ಉಣ್ಣಲಿಲ್ಲ. ಅವರ ಮನೆಯವರು ಯಾರೂ ಉಣ್ಣಲಿಲ್ಲ. ನಾವು ಗುಡಿಯಲ್ಲಿ ಉಂಡರೂ ಅವರ ಮನೆಯಲ್ಲಿ ಉಂಡ ಹಾಗೆ ಆಗಲಿಲ್ಲವಲ್ಲ, ಅದಕ್ಕೆ. ನಾನು ಆ ಬಿಸಿ ಪೊಂಗಲನ್ನು ಉಣ್ಣುತ್ತ ಅವರ ಕಡೆಗೇ ನೋಡುತ್ತಿದ್ದೆ. ಆ ಹುಡುಗನಿಗಿಂತ ಮೊದಲು ನನ್ನ ಮನಸ್ಸಿಗೆ ಬಂದವರು ಆ ಮುದುಕರು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಉಂಡು ಕೈ ತೊಳೆದು ಅಪ್ಪ ಅವರ ಹತ್ತಿರ ಹೋದರು. "ಗೌಡರೇ, ಮಧ್ಯಾಹ್ನ ಆಡಿದ ಮಾತು ಮನಸ್ಸಲ್ಲಿ ಇಟ್ಕೋಬೇಡಿ. ಇಂಥ ಮನೆ ನಾನು ಎಲ್ಲಿ ಹುಡುಕಿದರೂ ಸಿಗಲ್ಲ. ಹುಡುಗೀನ ಕೊಟ್ಟೆ. ತಾಂಬೂಲ ತರಿಸಿ."

ಗೌಡರ ಹೆಂಡತಿ ಎದ್ದು ನಿಂತೇಬಿಟ್ಟರು. ವರ್ಷಗಟ್ಟಲೆ ಕಾದ ಮಾತು ಕಿವಿಗೆ ಬಿದ್ದಿತ್ತು. ತಾಂಬೂಲ ತರಲು ಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟವರನ್ನು ಗೌಡರು ಕೈಯೆತ್ತಿ ನಿಲ್ಲಿಸಿದರು.

"ಬ್ಯಾಡ ಅಯ್ಯಾ. ಇವತ್ತು ಬ್ಯಾಡ."

ಅಪ್ಪನ ಮುಖ ಸಣ್ಣಗಾಯಿತು. "ನನ್ನ ಮೇಲೆ ಕೋಪವಾ?"

"ಕೋಪ ಯಾತಕ್ಕೆ? ಸುತ್ತ ನೀರು, ಮ್ಯಾಲೆ ಗಾಳಿ. ನೀವು ಎದ್ದೋಗೋ ಅಂಗಿಲ್ಲ. ಎದ್ದೋಗಾಕೆ ಆಗ್ದಿರೋ ತಾವ ಕುಂತ್ಕಂಡು ಆಗ್ಲಿ ಅಂದ್ರೆ, ಅದನ್ನ ನಾ ಒಪ್ಕೊಂಡ್ರೆ, ನೀವು ಮಧ್ಯಾನ ಅಂದದ್ದು ನಿಜ ಆಯ್ತದೆ. ನಾಳೆ ದಡಕ್ಕೆ ಬುಡ್ತೀನಿ. ಬಸ್ಸತ್ತಿ ಮನೇಗೋಗಿ. ಬ್ಯಾಡ ಅನ್ನಾಕೆ ದಾರಿ ಇರೋ ತಾವ ಕುಂತು ಯೋಚ್ನೆ ಮಾಡಿ. ಈ ಮಗೂನೂ ಕೇಳಿ. ಆಮ್ಯಾಲೆ ಏಳಿಕಳ್ಸಿ."

"ಕೈಗೆ ಬಂದದ್ದನ್ನ ನೀರಿಗೆ ಆಕ್ತೀಯಲ್ಲೋ ಯಪ್ಪಾ," ಅಂದರು ಹೆಂಡತಿ, ಅಳುವ ದನಿಯಲ್ಲಿ. ಗೌಡರು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಸೋಲುತ್ತಿದ್ದರೋ ಏನೋ. ಸೇಲಂಗೆ ಹೋದ ಮೇಲೆ ಅಪ್ಪನ ಮನಸ್ಸು ತಿರುಗುತ್ತದೆ, ಅಕ್ಕಪಕ್ಕದವರು ತಿರುಗಿಸುತ್ತಾರೆ ಅಂತ ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಬೇಡ ಅಂದರು.

ಬೆಳಿಗ್ಗೆ ಗಾಳಿ ಬಿದ್ದಿತ್ತು. ನೀರು ಅಲುಗಾಡದೆ ಮಲಗಿತ್ತು. ಹಾಯಿ ಸುತ್ತಿಟ್ಟು, ಗೌಡರು, ಹುಡುಗ ಇಬ್ಬರೂ ಹುಟ್ಟು ಹಾಕಿ ನಮ್ಮನ್ನು ದಡ ಮುಟ್ಟಿಸಿದರು. ದಾರಿಯುದ್ದಕ್ಕೂ ಬಿಟ್ಟುಕೊಟ್ಟ ಮಾತಿನ ಭಾರ ಎಲ್ಲರ ಮೇಲೂ ಇತ್ತು. ದಡದ ಮೇಲೆ ರಸ್ತೆ, ರಸ್ತೆಯಲ್ಲಿ ಬಸ್ಸು ಆಗಲೇ ನಿಂತಿತ್ತು. ಅಪ್ಪ ಕೈ ಮುಗಿದರು. ಗೌಡರೂ ಮುಗಿದರು. "ಓಗ್ಬನ್ನಿ ಅಯ್ಯಾ. ಮಗಾ, ಓಗ್ಬಾ," ಅಂದು ಬೇವಿನ ಮರದ ಬುಡದಲ್ಲಿ ಕೂತು, ಹೆಂಡತಿ ನಸುಕಿನಲ್ಲೇ ಒಲೆ ಹಚ್ಚಿ ಕಟ್ಟಿಕೊಟ್ಟಿದ್ದ ಹಿಡಿಕೆಯ ತೂಕುಪಾತ್ರೆಯ ಮುಚ್ಚಳ ತೆಗೆದರು. ನಾವು ಅವರ ನೆಲ ಬಿಟ್ಟಾಗಿತ್ತು. ಇನ್ನು ಅವರು ಉಣ್ಣಬಹುದಿತ್ತು. ರಾಗಿಮುದ್ದೆ, ಹುರುಳಿ ಸಾರು.

ಅಪ್ಪ, ಅತ್ತೆ ಬಸ್ಸಿನ ಕಡೆಗೆ ನಡೆದರು. ನಾನೂ ನಡೆದೆ. ರಸ್ತೆಯ ತನಕ ಹೋಗಿ ನಿಂತೆ. ಬಸ್ಸಿನ ಬಾಗಿಲು ನನ್ನ ಮುಂದೆ ತೆರೆದೇ ಇತ್ತು. ಯಾರೂ ತಡೆಯುವವರಿಲ್ಲ, ಯಾರೂ ಕರೆಯುವವರಿಲ್ಲ. ನಾನು ತಿರುಗಿ ಇಳಿಜಾರಿನಲ್ಲಿ ಇಳಿದು, ನೀರಿನಲ್ಲಿ ಕೈ ತೊಳೆದು, ಹೋಗಿ ಗೌಡರ ಎದುರಿಗೆ ನೆಲದ ಮೇಲೆ ಕೂತೆ.

"ನನಗೂ ಒಂದು ತುತ್ತು ಕೊಡಿ."

ಅವರ ಕೈ ಅರ್ಧದಲ್ಲೇ ನಿಂತಿತು. "ಮಗಾ, ಇದು ನಮ್ಮನೆ ಒಲೇದು."

"ಗೊತ್ತು."

"ಬಸ್ಸು ನಿಂತೈತೆ."

"ನಿಂತಿರಲಿ."

ಮುದ್ದೆ ಮುರಿದು ಮುಚ್ಚಳದಲ್ಲಿ ಇಟ್ಟು, ಸಾರು ಬಿಟ್ಟು ನನ್ನ ಮುಂದೆ ಸರಿಸಿದರು. ನಾನು ಐದೂ ಬೆರಳು ಸಾರಿನಲ್ಲಿ ಅದ್ದಿ ತುತ್ತು ನುಂಗಿದೆ. ಬಸ್ಸಿನ ಮೆಟ್ಟಿಲ ಮೇಲಿಂದ ಅತ್ತೆ, "ಅಯ್ಯೋ, ಕೈ ನೆನೆಸಿಬಿಟ್ಟಳಲ್ಲಪ್ಪಾ," ಅಂದದ್ದು ದಡಕ್ಕೆಲ್ಲ ಕೇಳಿಸಿತು. ಅಪ್ಪ ಮೇಲೆ ಹಾಕಿದ್ದ ಚೀಲವನ್ನು ಬಸ್ಸಿನಿಂದ ಇಳಿಸಿಕೊಂಡರು. ದೋಣಿಯಲ್ಲಿದ್ದ ಹುಡುಗ ನೀರು ಮೊಗೆಯುವುದನ್ನು ಬಿಟ್ಟು ನಿಂತಿದ್ದ.

ಗೌಡರು ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. "ಎಂಗೈತೆ?" ಅಂದರು.

"ಉಪ್ಪು ಕಮ್ಮಿ," ಅಂದೆ.

"ಬಂದು ನೀನೇ ಆಕು, ಮಗಾ," ಅಂದರು.